'ಲೇಡೀಸ್‌ಗೆ ಸ್ವೀಟ್ ವೈನ್' ಅಂದ್ರೆ ಸಾಕಾ?

ಪಾರ್ಟಿಗಳಲ್ಲಿ ಈ ಮಾತನ್ನ ನೀವೂ ಕೇಳಿರ್ತೀರಿ. ಗಂಡಸರ ಹತ್ತಿರ ಬಂದಾಗ 'ನಿಮಗೇನು ಬೇಕು?' ಅಂತ ಕೇಳ್ತಾರೆ. ಹೆಂಗಸರ ಹತ್ತಿರ ಬಂದಾಗ ಕೇಳೋದೇ ಇಲ್ಲ. 'ಇದು ಸ್ವೀಟ್ ವೈನ್, ಲೇಡೀಸ್ ಡ್ರಿಂಕ್, ಜ್ಯೂಸ್ ಇದ್ದ ಹಾಗೆ, ಏನೂ ಆಗಲ್ಲ' ಅಂತ ಕೈಗೆ ಕೊಟ್ಟು ಮುಂದೆ ಹೋಗ್ತಾರೆ. ಇಷ್ಟ ಇದ್ದವರು ಕುಡೀತಾರೆ. ಇಲ್ಲದವರು ಬೇಡ ಅನ್ನೋಕೆ ಸಂಕೋಚಪಟ್ಟು ಗ್ಲಾಸು ಹಿಡಿದುಕೊಂಡೇ ಸಂಜೆ ಕಳೀತಾರೆ.

ಈ ಒಂದು ಮಾತಿನಲ್ಲಿ ಮೂರು ತಪ್ಪಿವೆ. ಸಿಹಿ ವೈನ್ ಹೆಂಗಸರಿಗಷ್ಟೇ ಅಂತ ಯಾರೂ ಬರೆದಿಟ್ಟಿಲ್ಲ. ಸಿಹಿಯಾಗಿದೆ ಅಂದ ಮಾತ್ರಕ್ಕೆ ಅದು ಜ್ಯೂಸ್ ಆಗೋದಿಲ್ಲ. ಇನ್ನು 'ಏನೂ ಆಗಲ್ಲ' ಅನ್ನೋದಂತೂ ಶುದ್ಧ ಸುಳ್ಳು.

ಹಾಗಂತ ಕುಡಿಯಿರಿ ಅಂತಲೋ, ಕುಡಿಯಲೇಬೇಡಿ ಅಂತಲೋ ಉಪದೇಶ ಮಾಡೋದು ಈ ಲೇಖನದ ಉದ್ದೇಶ ಅಲ್ಲ. ನನ್ನ ಅಭಿಪ್ರಾಯ ಇಷ್ಟೇ. ಸೀರೆ ಕೊಳ್ಳುವಾಗ ಬಣ್ಣ ಹೋಗುತ್ತಾ, ಜರಿ ಎಂಥದ್ದು ಅಂತ ಹತ್ತು ಸಲ ಕೇಳ್ತೀವಿ. ಬಿಸ್ಕತ್ ಪೊಟ್ಟಣ ತಿರುಗಿಸಿ ಮೈದಾ ಎಷ್ಟಿದೆ ಅಂತ ಓದ್ತೀವಿ. ಅಂಥ ನಾವು ಕೈಗೆ ಬಂದ ಗ್ಲಾಸಿನಲ್ಲಿ ಏನಿದೆ ಅಂತ ಮಾತ್ರ ಯಾಕೆ ಕೇಳಬಾರದು? ಬೇಕು ಅನ್ನೋದಕ್ಕೂ ಬೇಡ ಅನ್ನೋದಕ್ಕೂ ಮೊದಲು ತಿಳಿದಿರಬೇಕು. ತಿಳಿದವಳ 'ಬೇಡ' ಅನ್ನೋ ಮಾತಿಗೆ ಇರುವ ತೂಕವೇ ಬೇರೆ.

ಇದನ್ನ ಕಲಿಯೋಕೆ ರೀಸ್ಲಿಂಗ್‌ಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಯಾಕಂದ್ರೆ 'ಸ್ವೀಟ್ ವೈನ್, ಲೇಡೀಸ್ ವೈನ್' ಅನ್ನೋ ಹಣೆಪಟ್ಟಿಯಿಂದ ಜಗತ್ತಿನಲ್ಲಿ ಅತಿ ಹೆಚ್ಚು ಅವಮಾನ ಪಟ್ಟ ದ್ರಾಕ್ಷಿ ಅಂದ್ರೆ ಇದೇ!

ಆರುನೂರು ವರ್ಷದ ದ್ರಾಕ್ಷಿ

ರೀಸ್ಲಿಂಗ್ ಅನ್ನೋದು ಒಂದು ಜಾತಿಯ ಬಿಳಿ ದ್ರಾಕ್ಷಿಯ ಹೆಸರು. ಅದರಿಂದ ಮಾಡಿದ ವೈನ್‌ಗೂ ಅದೇ ಹೆಸರು. ಹುಟ್ಟೂರು ಜರ್ಮನಿಯ ರೈನ್ ನದಿಯ ಆಸುಪಾಸು. 1435ರ ಮಾರ್ಚ್ 13ರಂದು ರುಸೆಲ್ಸ್‌ಹೈಮ್ ಅನ್ನೋ ಊರಿನಲ್ಲಿ ಕಾಟ್ಸೆನೆಲ್ನ್‌ಬೋಗೆನ್ ವಂಶದ ಕೌಂಟ್ ಒಬ್ಬರ ಲೆಕ್ಕದ ಪುಸ್ತಕದಲ್ಲಿ, ತೋಟಕ್ಕೆ ರೀಸ್ಲಿಂಗ್ ಬಳ್ಳಿ ಕೊಂಡ ಬಾಬ್ತು 22 ಶಿಲ್ಲಿಂಗ್ ಅಂತ ಬರೆದಿದ್ದಾರೆ. ಈ ದ್ರಾಕ್ಷಿಯ ಹೆಸರು ಮೊದಲು ಸಿಗೋದು ಅಲ್ಲೇ. ನೋಡಿ, ಇಷ್ಟು ದೊಡ್ಡ ಹೆಸರಿನ ಚರಿತ್ರೆ ಶುರುವಾಗಿದ್ದು ಮನೆಖರ್ಚಿನ ಲೆಕ್ಕದಿಂದ! ನಮ್ಮ ಹಾಲಿನ ಲೆಕ್ಕ, ದಿನಸಿ ಚೀಟಿಗಳನ್ನ ಇನ್ನು ಮೇಲೆ ಹಗುರವಾಗಿ ನೋಡಬೇಡಿ.

ರೀಸ್ಲಿಂಗ್‌ಗೆ ಚಳಿ ಬೇಕು. ನಿಧಾನವಾಗಿ ಹಣ್ಣಾದರೇನೇ ಅದರ ಪರಿಮಳ, ಹುಳಿ ಎರಡೂ ಉಳಿಯೋದು. ನಮ್ಮ ನಂದಿಬೆಟ್ಟದ ಸುತ್ತಮುತ್ತಲಿನ ವೈನ್ ತೋಟಗಳಲ್ಲಿ ಸಾವಿನ್ಯೋ ಬ್ಲಾಂಕ್, ಶಿರಾಜ್‌ನಂಥ ದ್ರಾಕ್ಷಿಗಳದೇ ಕಾರುಬಾರು. ನಾಸಿಕ್‌ನ ಸುಲಾ ಕಂಪನಿ ರೀಸ್ಲಿಂಗ್ ವೈನ್ ಮಾಡಿದ್ದಿದೆ. ಆದರೆ ಇದರ ನಿಜವಾದ ರುಚಿ ಇರೋದು ತಣ್ಣನೆಯ ಊರುಗಳಲ್ಲಿ ಅಂತಲೇ ತಿಳಿದವರು ಹೇಳೋದು.

ಈ ದ್ರಾಕ್ಷಿಯ ವಿಶೇಷ ಏನು ಗೊತ್ತಾ? ಇದರಿಂದ ಒಂದು ಚಿಟಿಕೆಯೂ ಸಿಹಿಯಿಲ್ಲದ, ನಿಂಬೆಹಣ್ಣಿನಂತೆ ಚುರುಕಾದ ವೈನ್ ಮಾಡಬಹುದು. ಜೇನುತುಪ್ಪದಂತೆ ಅಂಟುವ ವೈನೂ ಮಾಡಬಹುದು. ಎರಡರ ನಡುವೆ ಹತ್ತಾರು ಮೆಟ್ಟಿಲು. ಎಲ್ಲದರ ಬಾಟಲಿಯ ಮೇಲೂ ಒಂದೇ ಹೆಸರು, ರೀಸ್ಲಿಂಗ್. ಹಾಗಾಗಿ 'ರೀಸ್ಲಿಂಗ್ ಸ್ವೀಟಾಗಿರುತ್ತೆ' ಅನ್ನೋದು 'ದೋಸೆ ಗರಿಗರಿಯಾಗಿರುತ್ತೆ' ಅಂದ ಹಾಗೆ. ಸೆಟ್ ದೋಸೆ, ನೀರ್ ದೋಸೆ ತಿಂದವರು ಒಪ್ತಾರಾ?

ದೋಸೆ ಹಿಟ್ಟಿನ ಲೆಕ್ಕವೇ ಇಲ್ಲೂ

ಈ ಸಿಹಿ ಎಲ್ಲಿಂದ ಬರುತ್ತೆ ಅನ್ನೋದು ನಮಗೆ ಬೇಗ ಅರ್ಥವಾಗುತ್ತೆ. ರುಬ್ಬಿಟ್ಟ ದೋಸೆ ಹಿಟ್ಟು ಬೇಸಿಗೆಯಲ್ಲಿ ರಾತ್ರಿ ಕಳೆಯೋದ್ರೊಳಗೆ ಉಕ್ಕಿ ಚೆಲ್ಲುತ್ತೆ. ಚಳಿಗಾಲದಲ್ಲಿ ಹುದುಗೇ ಬರಲ್ಲ. ಜಾಸ್ತಿ ಹುಳಿ ಬರಬಾರದು ಅಂದ್ರೆ ಏನು ಮಾಡ್ತೀವಿ? ಫ್ರಿಜ್ಜಿಗೆ ಇಡ್ತೀವಿ. ವೈನಿನದೂ ಹೀಗೇ. ದ್ರಾಕ್ಷಿ ರಸದಲ್ಲಿರುವ ಸಕ್ಕರೆಯನ್ನ ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತೆ. ಪೂರ್ತಿ ತಿನ್ನೋಕೆ ಬಿಟ್ಟರೆ ಸಿಹಿ ಉಳಿಯಲ್ಲ, ಆಲ್ಕೋಹಾಲ್ ಹೆಚ್ಚು. ನಡುವೆ ತಣ್ಣಗೆ ಮಾಡಿ ನಿಲ್ಲಿಸಿದರೆ ಸಿಹಿ ಉಳಿಯುತ್ತೆ, ಆಲ್ಕೋಹಾಲ್ ಕಡಿಮೆ. ಹಿಂದಿನ ಕಾಲದಲ್ಲಿ ಮೋಸೆಲ್ ಕಣಿವೆಯ ನೆಲಮಾಳಿಗೆಗಳಲ್ಲಿ ಚಳಿಗಾಲ ಬಂದಾಗ ಹುದುಗು ತಾನಾಗೇ ನಿಂತುಹೋಗ್ತಿತ್ತು.

ಇದರಿಂದ ನಮಗೆ ಒಂದು ಸುಲಭದ ಉಪಾಯ ಸಿಗುತ್ತೆ. ಬಾಟಲಿಯ ಮೇಲೆ ಆಲ್ಕೋಹಾಲ್ ಶೇಕಡಾ ಎಷ್ಟು ಅಂತ ನೋಡಿ. 7ರಿಂದ 9 ಇದ್ದರೆ ಸಿಹಿ ಉಳಿದಿದೆ ಅಂತ ಅರ್ಥ. 12-13 ಇದ್ದರೆ ಸಾಮಾನ್ಯವಾಗಿ ಸಿಹಿಯಿಲ್ಲದ್ದು. ಯಾವ ಪಂಡಿತರನ್ನೂ ಕೇಳಬೇಕಾಗಿಲ್ಲ.

ಇನ್ನೂ ಒಂದು ತಮಾಷೆಯ ಲೆಕ್ಕ ಕೇಳಿ. ಡಯೆಟ್ ಮಾಡುವವರು 'ನನಗೆ ಸ್ವೀಟ್ ಬೇಡ, ಡ್ರೈ ಕೊಡಿ, ಕ್ಯಾಲರಿ ಕಡಿಮೆ' ಅಂತಾರೆ. ಆಲ್ಕೋಹಾಲ್ ಒಂದು ಗ್ರಾಂಗೆ 7 ಕ್ಯಾಲರಿ, ಸಕ್ಕರೆ ಒಂದು ಗ್ರಾಂಗೆ 4. ಶೇ 8ರ, ಲೀಟರಿಗೆ 45 ಗ್ರಾಂ ಸಕ್ಕರೆಯಿರುವ ರೀಸ್ಲಿಂಗ್‌ನ 150 ಮಿಲಿ ಲೀಟರ್ ಗ್ಲಾಸಿಗೆ ಹತ್ತಿರ ಹತ್ತಿರ 95 ಕ್ಯಾಲರಿ. ಶೇ 13ರ ಸಿಹಿಯಿಲ್ಲದ ವೈನ್ ಅಷ್ಟೇ ತೆಗೆದುಕೊಂಡರೆ 110ಕ್ಕೆ ಹತ್ತಿರ! ಮದ್ಯವೂ ಇದರಲ್ಲೇ ಜಾಸ್ತಿ. ಹಾಗಂತ ಸಕ್ಕರೆ ಕಾಯಿಲೆ ಇರುವವರು ಮೊದಲನೆಯದು ವಾಸಿ ಅಂತ ತೀರ್ಮಾನಿಸಬೇಡಿ. ಅದರಲ್ಲಿ ಒಂದೂವರೆ ಟೀ ಚಮಚದಷ್ಟು ಸಕ್ಕರೆ ಇದೆ. ನಿಮ್ಮ ವಿಷಯದಲ್ಲಿ ಮಾತು ನಿಮ್ಮ ಡಾಕ್ಟರದು.

ಲೇಬಲ್ ನೋಡಿ ಹೆದರಬೇಡಿ

ಜರ್ಮನ್ ಬಾಟಲಿಯ ಮೇಲಿನ ಅಕ್ಷರ ನೋಡಿದರೆ ತಲೆ ತಿರುಗೋದು ಸಹಜ. ನಾಲ್ಕೈದು ಪದ ನೆನಪಿಟ್ಟರೆ ಸಾಕು.

'ಟ್ರೋಕನ್' ಅಂದ್ರೆ ಒಣ, ಅಂದರೆ ಸಿಹಿಯಿಲ್ಲದ್ದು. ಲೀಟರಿಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ. 'ಹಾಲ್ಬ್‌ಟ್ರೋಕನ್' ಅಂದ್ರೆ ಅರೆ ಒಣ, 18 ಗ್ರಾಂವರೆಗೆ. 'ಫೈನ್‌ಹರ್ಬ್' ಅಂತಿದ್ದರೂ ಹೆಚ್ಚುಕಡಿಮೆ ಅದೇ, ಸ್ವಲ್ಪ ಸಿಹಿ.

ಇನ್ನು ಕಾಬಿನೆಟ್, ಸ್ಪೇಟ್‌ಲೇಸೆ, ಔಸ್‌ಲೇಸೆ ಅಂತೆಲ್ಲ ಇರುತ್ತೆ. ಇದು ದ್ರಾಕ್ಷಿ ಕೊಯ್ಯುವಾಗ ಎಷ್ಟು ಮಾಗಿತ್ತು ಅನ್ನೋದರ ಲೆಕ್ಕ, ವೈನ್ ಎಷ್ಟು ಸಿಹಿ ಅನ್ನೋದರ ಲೆಕ್ಕ ಅಲ್ಲ. ಈಗಿರುವ ಈ ವಿಂಗಡಣೆ ಜರ್ಮನಿಯ 1971ರ ವೈನ್ ಕಾನೂನಿನದು. ಕಾಬಿನೆಟ್ ಹಗುರ. ಸ್ಪೇಟ್‌ಲೇಸೆ ಅಂದ್ರೆ ತಡವಾಗಿ ಕೊಯ್ದದ್ದು. ಔಸ್‌ಲೇಸೆ ಅಂದ್ರೆ ಆರಿಸಿದ ಗೊಂಚಲು. ಅದಕ್ಕೂ ಮೇಲೆ ಒಂದೊಂದೇ ಹಣ್ಣು ಆರಿಸಿ ಮಾಡುವ ಬೀರೆನ್‌ಔಸ್‌ಲೇಸೆ, ಒಣದ್ರಾಕ್ಷಿಯಂತೆ ಬಾಡಿದ ಹಣ್ಣಿನಿಂದ ಮಾಡುವ ಟ್ರೋಕನ್‌ಬೀರೆನ್‌ಔಸ್‌ಲೇಸೆ. ಹೆಸರು ಹೇಳುವಷ್ಟರಲ್ಲಿ ಊಟ ಆರಿಹೋಗುತ್ತೆ! ಮೊದಲ ಮೂರರಲ್ಲಿ ಯಾವುದರ ಜೊತೆಗಾದರೂ 'ಟ್ರೋಕನ್' ಅಂತ ಸೇರಿದ್ದರೆ ಅದು ಸಿಹಿಯಿಲ್ಲದ್ದು. ಆ ಪದ ಇಲ್ಲದಿದ್ದರೆ ಸಿಹಿ ಇರಬಹುದು ಅಂತ ತಿಳಿಯಿರಿ. ಕೊನೆಯ ಉದ್ದ ಹೆಸರಿನಲ್ಲಿ ಮಾತ್ರ ಮೋಸ ಹೋಗಬೇಡಿ. ಅಲ್ಲಿ 'ಟ್ರೋಕನ್' ಅಂದಿರೋದು ಒಣಗಿದ ಹಣ್ಣಿಗೆ, ವೈನ್ ಅತಿ ಸಿಹಿ.

ತಡವಾಗಿ ಕೊಯ್ಯೋದಕ್ಕೂ ಒಂದು ಕತೆ ಇದೆ. ರೈನ್‌ಗಾವ್ ಪ್ರದೇಶದ ಯೊಹಾನಿಸ್‌ಬರ್ಗ್ ತೋಟದಲ್ಲಿ ದ್ರಾಕ್ಷಿ ಕೊಯ್ಯಬೇಕಾದರೆ ದೂರದ ಫುಲ್ಡಾದಲ್ಲಿದ್ದ ಬಿಷಪ್ ಅಪ್ಪಣೆ ಬೇಕಿತ್ತಂತೆ. 1775ರಲ್ಲಿ ಅಪ್ಪಣೆ ತರಲು ಹೋದ ಸವಾರ ಬರೋದು ತಡವಾಯ್ತು. ಅಷ್ಟರಲ್ಲಿ ಹಣ್ಣಿಗೆ ಬೂಷ್ಟು ಹಿಡಿದಿತ್ತು. ಬಿಸಾಡೋಕೆ ಮನಸ್ಸಾಗದೆ ವೈನ್ ಮಾಡಿದರು. ಅದೇ ಅಮೃತವಾಯ್ತು! ಆ ತೋಟದಲ್ಲಿ ತಡವಾಗಿ ಬಂದ ಆ ಸವಾರನ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಕಳಿತ ಬಾಳೆಹಣ್ಣು ಬಿಸಾಡದೆ ಬನ್ಸ್ ಮಾಡುವ ಮಂಗಳೂರಿನ ಕಡೆಯವರಿಗೆ ಈ ಬುದ್ಧಿ ಹೊಸದೇನಲ್ಲ ಬಿಡಿ.

ಕೆಲವು ಬಾಟಲಿಗಳ ಹಿಂದೆ ಒಂದು ಗೆರೆ ಎಳೆದು, ಒಣದಿಂದ ಸಿಹಿಯವರೆಗೆ ನಾಲ್ಕು ಹಂತ ತೋರಿಸಿ ಬಾಣದ ಗುರುತು ಹಾಕಿರ್ತಾರೆ. 2007ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ರೀಸ್ಲಿಂಗ್ ಫೌಂಡೇಶನ್ ರೂಪಿಸಿದ ಗುರುತು ಇದು. ಅದು ಕಂಡರೆ ಬೇರೆ ಏನೂ ಓದಬೇಕಾಗಿಲ್ಲ.

ಊರೂರಿನ ರೀಸ್ಲಿಂಗ್, ಊರೂರಿನ ಊಟ

ಒಂದೇ ಹುಣಿಸೆಹಣ್ಣು ಮೈಸೂರಿನಲ್ಲಿ ಒಂದು ರುಚಿ, ಧಾರವಾಡದಲ್ಲಿ ಒಂದು ರುಚಿ ಆಗೋದಿಲ್ವೇ? ರೀಸ್ಲಿಂಗ್ ಕೂಡ ಹೋದ ಕಡೆಯೆಲ್ಲ ಆ ಊರಿನ ಊಟಕ್ಕೆ ಹೊಂದಿಕೊಂಡಿದೆ.

ಜರ್ಮನಿಯ ಮೋಸೆಲ್: ನದಿಯ ಪಕ್ಕದ ಬೆಟ್ಟಗಳು ಎಷ್ಟು ಕಡಿದು ಅಂದ್ರೆ ಬ್ರೆಮ್ ಊರಿನ ಕಾಲ್ಮಾಂಟ್ ಅನ್ನೋ ತೋಟ 65 ಡಿಗ್ರಿವರೆಗೆ ವಾಲಿದೆ. ನಿಂತು ಕೆಲಸ ಮಾಡೋದೇ ಕಷ್ಟ. ನೆಲದಲ್ಲಿ ಸ್ಲೇಟು ಕಲ್ಲು. ಹಗಲಿನ ಬಿಸಿಲನ್ನ ಹಿಡಿದಿಟ್ಟು ರಾತ್ರಿ ಬಳ್ಳಿಗೆ ಬಿಸಿ ಕೊಡುತ್ತೆ. ಇಲ್ಲಿನ ಕಾಬಿನೆಟ್ ಹಗುರ, ಹಸಿರು ಸೇಬಿನ ರುಚಿ, ಸ್ವಲ್ಪ ಸಿಹಿ, ಅದಕ್ಕೆ ಸಮನಾದ ಹುಳಿ. ಜೊತೆಗೆ ಹೊಳೆಯ ಟ್ರೌಟ್ ಮೀನು, ಹೊಗೆ ಹಾಕಿದ ಹಂದಿಮಾಂಸ ತಿನ್ನುತ್ತಾರೆ.

ಫ್ರಾನ್ಸಿನ ಅಲ್ಸಾಸ್: ಜರ್ಮನಿಯ ಗಡಿಯಲ್ಲೇ ಇದೆ. 1871ರಲ್ಲಿ ಜರ್ಮನಿಗೆ ಸೇರಿ, ಮೊದಲ ಮಹಾಯುದ್ಧದ ನಂತರ ಮತ್ತೆ ಫ್ರಾನ್ಸಿಗೆ ಬಂದ ಪ್ರದೇಶ. ಬಾಟಲಿ ಜರ್ಮನಿಯದರಂತೆ ಉದ್ದ, ಸಪೂರ. ರುಚಿ ಮಾತ್ರ ಬೇರೆ. ಇಲ್ಲಿನ ರೀಸ್ಲಿಂಗ್ ಹೆಚ್ಚಾಗಿ ಸಿಹಿಯಿಲ್ಲದ್ದು, ಮೈಕಟ್ಟು ಗಟ್ಟಿ. ಹುಳಿ ಬರಿಸಿದ ಎಲೆಕೋಸಿಗೆ ಮಾಂಸ ಸೇರಿಸಿದ ಶೂಕ್ರೂಟ್, ತೆಳ್ಳಗಿನ ರೊಟ್ಟಿಯ ಮೇಲೆ ಕೆನೆ, ಈರುಳ್ಳಿ ಹರಡಿ ಸುಟ್ಟ ತಾರ್ತ್ ಫ್ಲಾಂಬೆ ಇಲ್ಲಿನ ಊಟ. ಕೋಳಿಯನ್ನ ರೀಸ್ಲಿಂಗ್‌ನಲ್ಲೇ ಬೇಯಿಸಿ ಕೆನೆ ಹಾಕುವ ಅಡುಗೆಯೂ ಪ್ರಸಿದ್ಧ.

ಆಸ್ಟ್ರಿಯಾದ ವಾಖಾವ್: ಡ್ಯಾನ್ಯೂಬ್ ನದಿಯ ದಂಡೆ. ಇವರು ವೈನಿನ ತೂಕಕ್ಕೆ ಮೂರು ಮುದ್ದಾದ ಹೆಸರಿಟ್ಟಿದ್ದಾರೆ. ಹಗುರವಾದದ್ದು ಸ್ಟೈನ್‌ಫೆಡರ್, ನಡುವಿನದು ಫೆಡರ್‌ಸ್ಪೀಲ್, ಗಟ್ಟಿಯದು ಸ್ಮಾರಾಗ್ಡ್. ತೋಟದಲ್ಲಿ ಬಿಸಿಲು ಕಾಯಿಸುವ ಹಸಿರು ಹಲ್ಲಿಯ ಹೆಸರೇ ಸ್ಮಾರಾಗ್ಡ್! ಎಲ್ಲವೂ ಸಿಹಿಯಿಲ್ಲದವು. ತೆಳ್ಳಗೆ ಬಡಿದ ಮಾಂಸಕ್ಕೆ ಬ್ರೆಡ್ ಪುಡಿ ಹಚ್ಚಿ ಕರಿದ ಶ್ನಿಟ್ಸೆಲ್‌ಗೆ ಇದು ಜೋಡಿ. ಕರಿದದ್ದರ ಎಣ್ಣೆಯನ್ನ ಹುಳಿ ಕತ್ತರಿಸುತ್ತೆ. ಬಜ್ಜಿಗೆ ನಿಂಬೆ ಹಿಂಡಿದ ಹಾಗೆ.

ಆಸ್ಟ್ರೇಲಿಯಾದ ಕ್ಲೇರ್ ವ್ಯಾಲಿ, ಈಡನ್ ವ್ಯಾಲಿ: ದಕ್ಷಿಣ ಆಸ್ಟ್ರೇಲಿಯಾದ ಈ ಎರಡು ಕಣಿವೆಗಳ ವೈನ್ ಮೂಸಿದರೆ ನಿಂಬೆ ಸಿಪ್ಪೆ ಹೆರೆದ ಪರಿಮಳ. ಬಹುತೇಕ ಸಿಹಿಯಿಲ್ಲ. ಸೀಗಡಿ, ಸಿಂಪಿ, ಸುಟ್ಟ ಮೀನಿಗೆ ಹೇಳಿಮಾಡಿಸಿದ್ದು. 2000ನೇ ಇಸವಿಯ ಬೆಳೆಗೆ ಕ್ಲೇರ್‌ನ ಹಲವು ತಯಾರಕರು ಒಟ್ಟಾಗಿ ಬಿರಡೆ ಬಿಟ್ಟು ತಿರುಗಿಸುವ ಮುಚ್ಚಳಕ್ಕೆ ಬಂದರು. ತಿರುಗಿಸುವ ಮುಚ್ಚಳ ಇದ್ದರೆ ಕಡಿಮೆ ದರ್ಜೆಯದು ಅನ್ನೋ ಮಾತು ಅಲ್ಲಿಂದ ಮುಂದೆ ಸವೆಯುತ್ತಾ ಬಂತು.

ಅಮೆರಿಕದ ಫಿಂಗರ್ ಲೇಕ್ಸ್: ನ್ಯೂಯಾರ್ಕ್ ರಾಜ್ಯದ ಮೇಲ್ಭಾಗದ ಉದ್ದನೆಯ ಸರೋವರಗಳ ಸೀಮೆ. ಇಲ್ಲಿನ ಚಳಿಗೆ ಯುರೋಪಿನ ದ್ರಾಕ್ಷಿ ಬದುಕೋದೇ ಇಲ್ಲ ಅಂತಿದ್ದರು. ಉಕ್ರೇನಿನಿಂದ ವಲಸೆ ಬಂದ ಡಾ. ಕಾನ್‌ಸ್ಟಂಟಿನ್ ಫ್ರಾಂಕ್, ಚಳಿಯ ದೇಶದಲ್ಲಿ ಬೆಳೆಸಿ ಗೊತ್ತಿದ್ದವರು, ಬದುಕುತ್ತೆ ಅಂತ ಹಟ ಹಿಡಿದು 1962ರಲ್ಲಿ ತಮ್ಮದೇ ವೈನರಿ ಶುರು ಮಾಡಿ ತೋರಿಸಿದರು. ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗುವ ನಮ್ಮ ಕನ್ನಡದ ಅಪ್ಪ-ಅಮ್ಮಂದಿರಿಗೆ ನಯಾಗರಾ ನೋಡಿ ಬರುವ ದಾರಿಯಲ್ಲಿ ಈ ಸೀಮೆಯೂ ಸಿಗಬಹುದು.

ಕೆನಡಾದ ಒಂಟಾರಿಯೊ: ಇಲ್ಲಿ ದ್ರಾಕ್ಷಿಯನ್ನ ಬಳ್ಳಿಯಲ್ಲೇ ಬಿಟ್ಟು, ಸೊನ್ನೆಗಿಂತ 8 ಡಿಗ್ರಿ ಕೆಳಗೆ ಹೆಪ್ಪುಗಟ್ಟಿದ ಮೇಲೆ ಕೊಯ್ದು ಹಿಂಡುತ್ತಾರೆ. ನೀರು ಮಂಜಾಗಿ ಉಳಿದು ಗಟ್ಟಿ ರಸ ಮಾತ್ರ ಬರುತ್ತೆ. ಇದೇ ಐಸ್‌ವೈನ್. ಜರ್ಮನಿಯಲ್ಲಿ ಇದಕ್ಕೆ 7 ಡಿಗ್ರಿ ಕೆಳಗಿನ ಚಳಿ ಸಾಕು. ವಿದಾಲ್ ಅನ್ನೋ ದ್ರಾಕ್ಷಿಯಿಂದಲೂ ಮಾಡ್ತಾರೆ, ರೀಸ್ಲಿಂಗ್‌ನಿಂದಲೂ ಮಾಡ್ತಾರೆ. ಸಣ್ಣ ಬಾಟಲಿ, ದೊಡ್ಡ ಬೆಲೆ. ಹಣ್ಣಿನ ಸಿಹಿತಿಂಡಿಯ ಜೊತೆ ಚಮಚದಷ್ಟು ಸವಿಯೋದು.

ನಮ್ಮ ಅಡುಗೆಗೆ ಹೊಂದುತ್ತಾ?

ನಿಜ ಹೇಳಬೇಕಂದ್ರೆ ಬಿಸಿಬೇಳೆಬಾತಿಗೆ ಬೂಂದಿ, ಅನ್ನ-ಸಾರಿಗೆ ಹಪ್ಪಳ, ಊಟದ ಕೊನೆಗೆ ಮಜ್ಜಿಗೆ ಇದ್ದರೆ ಇನ್ನೇನೂ ಬೇಡ. ನಮ್ಮ ಊಟ ವೈನ್ ಇಲ್ಲದೇ ಪೂರ್ಣವಾಗಿದೆ. ಅದನ್ನ ವೈನ್‌ಗೆ ತಕ್ಕಂತೆ ಸಪ್ಪೆ ಮಾಡೋದು ಅಂದ್ರೆ ನನಗೆ ಸುತರಾಂ ಒಪ್ಪಿಗೆ ಇಲ್ಲ. ಆದರೆ ಮನೆಯಲ್ಲಿ ವೈನ್ ಕುಡಿಯುವ ಅತಿಥಿಗಳು ಬರ್ತಾರೆ. ಅಕ್ಕ-ತಂಗಿಯರು, ಮಕ್ಕಳು ಹೊರದೇಶದಲ್ಲಿದ್ದಾರೆ. ಊಟ ಬಡಿಸೋದು ನಾವೇ ಆದ್ದರಿಂದ ಯಾವುದಕ್ಕೆ ಯಾವುದು ಹೊಂದುತ್ತೆ ಅನ್ನೋದು ನಮಗೇ ಗೊತ್ತಿದ್ದರೆ ಒಳ್ಳೇದು.

ಖಾರದ ಊಟಕ್ಕೆ ರೀಸ್ಲಿಂಗ್ ಅಂತ ಬಹಳ ಜನ ಹೇಳೋದಕ್ಕೆ ಕಾರಣ ಇದೆ. ಆಲ್ಕೋಹಾಲ್ ಹೆಚ್ಚಿದ್ದಷ್ಟೂ ಬಾಯಿಯ ಉರಿ ಹೆಚ್ಚು. ಸಿಹಿ ಆ ಉರಿಯನ್ನ ತಗ್ಗಿಸುತ್ತೆ. ಗೊಜ್ಜಿಗೆ ಖಾರ ಜಾಸ್ತಿಯಾದರೆ ಬೆಲ್ಲದ ಚೂರು ಹಾಕ್ತೀವಲ್ಲ, ಅದೇ. ಮೋಸೆಲ್ ಕಾಬಿನೆಟ್‌ನಲ್ಲಿ ಆಲ್ಕೋಹಾಲೂ ಕಡಿಮೆ, ಸಿಹಿಯೂ ಇದೆ, ಹುಳಿಯೂ ಇದೆ. ಹುಣಿಸೆಹುಳಿ, ಬೆಲ್ಲ, ಮೆಣಸಿನಕಾಯಿ ಮೂರೂ ಕೂಡಿದ ಗೊಜ್ಜಿನ ಲೆಕ್ಕವೇ ಅಲ್ಲೂ ಇರೋದರಿಂದ ಥಾಯ್, ಚೈನೀಸ್ ಊಟಕ್ಕೂ ನಮ್ಮ ಖಾರಕ್ಕೂ ಅದು ಒಗ್ಗುತ್ತೆ. ಈ ಕೆಳಗಿನದನ್ನ ನೆನಪಿಡಿ:

* ಖಾರದ ಕೋಳಿ ಸಾರು, ಮಂಗಳೂರಿನ ತೆಂಗಿನಕಾಯಿ ಹಾಕಿದ ಮೀನು ಸಾರು, ಗೋಬಿ ಮಂಚೂರಿ: ಸ್ವಲ್ಪ ಸಿಹಿಯಿರುವ ಕಾಬಿನೆಟ್ ಅಥವಾ ಹಾಲ್ಬ್‌ಟ್ರೋಕನ್.
* ಕೊಡಗಿನ ಪಂದಿ ಕರಿ: ಕಾಚಂಪುಳಿಯ ಹುಳಿಗೆ, ಹಂದಿಯ ಕೊಬ್ಬಿಗೆ ಸ್ಪೇಟ್‌ಲೇಸೆ.
* ರವೆ ಹಚ್ಚಿ ಕರಿದ ಮೀನು, ಅಂಬೊಡೆ, ಬಜ್ಜಿ, ಕೋಸಂಬರಿ: ಆಸ್ಟ್ರೇಲಿಯಾ ಅಥವಾ ಆಸ್ಟ್ರಿಯಾದ ಸಿಹಿಯಿಲ್ಲದ ರೀಸ್ಲಿಂಗ್.
* ಪನೀರ್, ಕೆನೆ ಹಾಕಿದ ಕುರ್ಮಾ: ಅಲ್ಸಾಸ್‌ನದು.
* ಹಾಗಲಕಾಯಿ, ಮೆಂತ್ಯೆಸೊಪ್ಪು: ಯಾವ ವೈನೂ ಬೇಡ. ಕಹಿ ಎದ್ದು ಕಾಣುತ್ತೆ.
* ಒಬ್ಬಟ್ಟು, ಪಾಯಸ: ಸಿಹಿಯಿಲ್ಲದ ವೈನ್ ಇದರ ಜೊತೆ ಕೊಡಲೇಬೇಡಿ. ಮೈಸೂರು ಪಾಕ್ ತಿಂದು ಕಾಫಿ ಕುಡಿದರೆ ಸಕ್ಕರೆಯೇ ಹಾಕಿಲ್ಲ ಅನ್ನಿಸುತ್ತಲ್ಲ, ಹಾಗಾಗುತ್ತೆ. ವೈನ್ ತಿಂಡಿಗಿಂತ ಸಿಹಿಯಾಗಿರಬೇಕು, ಇಲ್ಲವಾದರೆ ಬೇಡ.

ಫ್ರಿಜ್ಜಿನಲ್ಲಿ ಒಂದೆರಡು ಗಂಟೆ ಇಟ್ಟು ತಣ್ಣಗೆ ಕೊಡಿ. ತೆರೆದ ಬಾಟಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು-ನಾಲ್ಕು ದಿನ ಇರುತ್ತೆ. ತಳದಲ್ಲಿ ಸಕ್ಕರೆ ಹರಳಿನಂಥದ್ದು ಕಂಡರೆ ಗಾಜಿನ ಚೂರು ಅಂತ ಹೆದರಬೇಡಿ, ಅದು ದ್ರಾಕ್ಷಿಯದೇ ಆಮ್ಲದ ಉಪ್ಪು. ಹಳೆಯ ರೀಸ್ಲಿಂಗ್‌ನಲ್ಲಿ ಸೀಮೆಎಣ್ಣೆಯ ವಾಸನೆ ಬಂದರೂ ಕೆಟ್ಟಿದೆ ಅಂತ ಅಲ್ಲ. ವಯಸ್ಸಾದಂತೆ ಅದರಲ್ಲಿ ಟಿಡಿಎನ್ ಅನ್ನೋ ಅಂಶ ಹೆಚ್ಚಾಗುತ್ತೆ. ಕೆಲವರು ಅದನ್ನೇ ಮೆಚ್ಚಿ ಹುಡುಕ್ತಾರೆ. ಸೀಮೆಎಣ್ಣೆಗೆ ಕ್ಯೂ ನಿಂತ ತಲೆಮಾರಿನವರಿಗೆ ಇದು ನಗು ತರಿಸೀತು!

ಸಿಹಿಗೆ ಯಾಕೆ ಇಷ್ಟು ಅವಮಾನ?

ನೂರಿಪ್ಪತ್ತು ವರ್ಷದ ಹಿಂದೆ ರೈನ್ ತೀರದ ಒಳ್ಳೆಯ ರೀಸ್ಲಿಂಗ್, ಫ್ರಾನ್ಸಿನ ಹೆಸರಾಂತ ಬೋರ್ಡೋ ವೈನ್‌ಗಳ ಸಮಕ್ಕೆ ಬೆಲೆ ಪಡೀತಿತ್ತು. ಎರಡನೇ ಮಹಾಯುದ್ಧದ ನಂತರ ಜರ್ಮನಿಯಿಂದ ಲೀಬ್‌ಫ್ರಾಮಿಲ್ಶ್ ಅನ್ನೋ ಅಗ್ಗದ ಸಿಹಿ ವೈನ್ ಹಡಗುಗಟ್ಟಲೆ ಹೊರಗೆ ಹೋಯ್ತು. ಅದರಲ್ಲಿ ಹೆಚ್ಚಾಗಿ ಇದ್ದದ್ದು ಮುಲ್ಲರ್-ತುರ್ಗಾವ್ ಅನ್ನೋ ಬೇರೆ ದ್ರಾಕ್ಷಿ. ಹೆಸರು ಕೆಟ್ಟಿದ್ದು ಮಾತ್ರ ರೀಸ್ಲಿಂಗ್‌ದು. ಯಾರೋ ಮಾಡಿದ್ದಕ್ಕೆ ಇನ್ಯಾರೋ ಮಾತು ಕೇಳೋದು ನಮ್ಮ ಮನೆಗಳಲ್ಲೂ ಹೊಸದಲ್ಲವಲ್ಲ! 'ಸಿಹಿ ಕುಡಿಯೋದು ತಿಳಿಯದವರು, ಹೆಂಗಸರು' ಅನ್ನೋ ಮಾತು ಹುಟ್ಟಿ ಬೆಳೆದದ್ದು ಆಮೇಲೆ. ವಿಚಿತ್ರ ನೋಡಿ, ಮೋಸೆಲ್ ಪಕ್ಕದ ಸಾರ್ ಕಣಿವೆಯ ಎಗಾನ್ ಮುಲ್ಲರ್ ತೋಟದ ಅತಿ ಸಿಹಿಯಾದ ರೀಸ್ಲಿಂಗ್, ಜಗತ್ತಿನ ಅತಿ ದುಬಾರಿ ಬಿಳಿ ವೈನ್‌ಗಳಲ್ಲಿ ಒಂದು. ಅದನ್ನ ಹರಾಜಿನಲ್ಲಿ ಕೂಗುವ ಗಂಡಸರಿಗೆ ಯಾರೂ 'ಲೇಡೀಸ್ ಡ್ರಿಂಕ್' ಅನ್ನೋದಿಲ್ಲ.

ಹಾಗಾಗಿ ನಿಮಗೆ ಸಿಹಿ ಇಷ್ಟ ಅಂದ್ರೆ ನಾಚಿಕೆ ಬೇಡ. ಹುಳಿ ಇಷ್ಟ ಅಂದ್ರೂ ಸರಿ. ನಾಲಿಗೆ ನಿಮ್ಮದು.

ಕೊನೆಯ ಮಾತು, ಮುಖ್ಯವಾದ ಮಾತು

ಈಗ 'ಏನೂ ಆಗಲ್ಲ' ಅನ್ನೋದಕ್ಕೆ ಬರೋಣ. ಆಲ್ಕೋಹಾಲ್ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಹೇಳಿದೆ. ಸ್ತನ ಕ್ಯಾನ್ಸರಿಗೂ ಅದಕ್ಕೂ ನಂಟಿದೆ. ಆರೋಗ್ಯಕ್ಕೆ ಅಪಾಯವಿಲ್ಲದ ಪ್ರಮಾಣ ಅಂತ ಒಂದಿಲ್ಲ ಅಂತ 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿತು. 'ವೈನ್ ಹೃದಯಕ್ಕೆ ಒಳ್ಳೇದು' ಅಂತ ಯಾರಾದರೂ ಗ್ಲಾಸು ಮುಂದೆ ಮಾಡಿದರೆ ಇದನ್ನ ಹೇಳಿ. ಹೆಂಗಸರ ದೇಹದಲ್ಲಿ ನೀರಿನಂಶ ಕಡಿಮೆ. ಗಂಡಸಿನಷ್ಟೇ ಕುಡಿದರೂ ರಕ್ತದಲ್ಲಿ ಆಲ್ಕೋಹಾಲ್ ಜಾಸ್ತಿ ಏರುತ್ತೆ. ಸಿಹಿಯಾಗಿದ್ದರೆ ಕುಡಿದದ್ದೇ ಗೊತ್ತಾಗಲ್ಲ. ಬಸುರಿಯರು, ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಒಂದು ಗುಟುಕೂ ಮುಟ್ಟಬಾರದು. ನಿದ್ದೆ ಮಾತ್ರೆ ತೆಗೆದುಕೊಳ್ಳುವವರಿಗಂತೂ ಅದು ಅಪಾಯ. ಬೇರೆ ಮಾತ್ರೆ ನುಂಗುವವರು ಡಾಕ್ಟರನ್ನ ಕೇಳದೆ ಮುಟ್ಟಬೇಡಿ. ಕಾರು ಓಡಿಸುವವರು ದೂರ ಇರಿ.

ಅಡುಗೆಗೆ ಹಾಕಿದರೆ ಎಲ್ಲ ಆವಿಯಾಗಿ ಹೋಗುತ್ತೆ ಅನ್ನೋದೂ ತಪ್ಪು. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದ ಪ್ರಕಾರ 15 ನಿಮಿಷ ಕುದಿಸಿದ ಮೇಲೂ ಸುಮಾರು ಶೇ 40ರಷ್ಟು ಉಳಿಯುತ್ತೆ. ಮಕ್ಕಳ ತಟ್ಟೆಗೆ ಬಡಿಸುವ ಮುನ್ನ ಯೋಚಿಸಿ. ಸಸ್ಯಾಹಾರಿಗಳು ಇನ್ನೊಂದು ಕೇಳಬೇಕು. ವೈನ್ ತಿಳಿಯಾಗಲೆಂದು ಕೆಲವರು ಮೊಟ್ಟೆಯ ಬಿಳಿ, ಹಾಲಿನ ಅಂಶ, ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಬಳಸ್ತಾರೆ. 'ವೀಗನ್' ಅಂತ ಬರೆದಿದ್ದರೆ ಇವು ಯಾವುದೂ ಬಳಸಿಲ್ಲ ಅಂತ ಅರ್ಥ. ದ್ರಾಕ್ಷಿಯಿಂದ ಮಾಡಿದ್ದು ಅಂದಮಾತ್ರಕ್ಕೆ ಶುದ್ಧ ಸಸ್ಯಾಹಾರ ಅಂತ ಅಂದುಕೊಳ್ಳಬೇಡಿ.

2019ರ ಜನವರಿಯಲ್ಲಿ ರಾಯಚೂರು ಮತ್ತಿತರ ಜಿಲ್ಲೆಗಳ ಸಾವಿರಾರು ಹೆಂಗಸರು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಕೊಂಡು ಬಂದಿದ್ದರು. ಅವರ ಮನೆಗಳಲ್ಲಿ ಕುಡಿತ ಅಂದ್ರೆ ಊಟಕ್ಕೆ ಜೋಡಿ ಹುಡುಕೋ ವಿಷಯ ಅಲ್ಲ. ಮಕ್ಕಳ ಅನ್ನ ಹೋಗುವ ವಿಷಯ. ನಗರದ ಡ್ರಾಯಿಂಗ್ ರೂಮಿನಲ್ಲಿ ಕೂತು ರೀಸ್ಲಿಂಗ್ ರುಚಿ ಮಾತಾಡುವಾಗ ಆ ಹೆಜ್ಜೆಗಳನ್ನ ಮರೆಯಬಾರದು ಅಂತ ನನಗನ್ನಿಸುತ್ತೆ. ಬಾಟಲಿ ದುಬಾರಿಯದಾದರೆ ಅದರೊಳಗಿನ ಆಲ್ಕೋಹಾಲ್ ಬೇರೆಯಾಗೋದಿಲ್ಲ. ನಮ್ಮ ಮನೆಯಲ್ಲೂ ವಾರಕ್ಕೊಮ್ಮೆ ಇದ್ದದ್ದು ದಿನಕ್ಕೊಮ್ಮೆ ಆಗ್ತಿದೆಯಾ ಅಂತ ಮೊದಲು ಗಮನಿಸೋದು ಹೆಂಗಸೇ. ಗಮನಿಸಿದ್ದನ್ನ ಬಾಯಿಬಿಟ್ಟು ಹೇಳಿ, ಅದರಲ್ಲಿ ದಾಕ್ಷಿಣ್ಯ ಬೇಡ.

ಬೇಡ ಅನ್ನಿಸಿದರೆ 'ತಲೆನೋವು', 'ಉಪವಾಸ' ಅಂತ ನೆಪ ಹುಡುಕಬೇಡಿ. 'ನನಗೆ ಬೇಡ, ನಿಂಬೆ ಶರಬತ್ತು ಕೊಡಿ' ಅನ್ನಿ, ಸಾಕು. ಬೇಕು ಅನ್ನಿಸಿದರೆ 'ಇದು ಯಾವ ಊರಿನದು, ಸಿಹಿ ಎಷ್ಟು, ಆಲ್ಕೋಹಾಲ್ ಎಷ್ಟು?' ಅಂತ ಕೇಳಿ. ಕೊಡುವವರಿಗೆ ಗೊತ್ತಿಲ್ಲದಿದ್ದರೆ ಬಾಟಲಿ ತರಿಸಿ ನೀವೇ ಓದಿ. ದಿನಸಿ ಅಂಗಡಿಯಲ್ಲಿ ಎಕ್ಸ್‌ಪೈರಿ ಡೇಟ್ ಹುಡುಕಿ ಹುಡುಕಿ ಪಳಗಿದ ಕಣ್ಣು ನಮ್ಮದು, ಇದೇನು ಮಹಾ! ಏನಂತೀರಿ?